ಮೇಜು ತಿರುಗಿಸಿದ್ದು

ದಾವಣಗೆರೆಯ ಮೆಡಿಕಲ್ ಕಾಲೇಜು, ಮೂರನೇ ಮಹಡಿ, ಶನಿವಾರ.
ನಾವು ಹತ್ತೊಂಬತ್ತು ಮಂದಿ:
ಹರಿಹರ, ಹೊನ್ನಾಳಿ, ಚನ್ನಗಿರಿ, ಮಾಯಕೊಂಡ;
ಜಗಳೂರಿನಿಂದ ನಾನೊಬ್ಬನೇ.
ದೋಸೆ ಪೊಟ್ಟಣದ ಬೆಣ್ಣೆ ಹತ್ತಿದ ಬೆರಳುಗಳನ್ನು
ಕರವಸ್ತ್ರಕ್ಕೆ ಒರೆಸುತ್ತ ಕೂತೆವು.

ಡಾಕ್ಟರ್ ಶಾಂಭವಿ ಅಂಗಡಿ ಒಳಗೆ ಬಂದು ಹೇಳಿದ್ದು
ಮೊದಲು ಇಷ್ಟೇ:
'ಸ್ಟೆತಸ್ಕೋಪು ಚೀಲಕ್ಕೆ ಹಾಕಿ.
ನಾಡಿ ಬೇಡ. ನೋಡಿ.'

ಬಾಗಿಲಲ್ಲಿ ಜೈತುನ್‌ಬಿ.
ಅರವತ್ತೊಂದು ವರ್ಷ, ಆಜಾದ್ ನಗರ,
ದಿನಕ್ಕೆ ಸಾವಿರ ಬೀಡಿ, ನಲವತ್ತು ವರ್ಷ.
ಹೊಸ್ತಿಲ ತನಕ ಬಂದ ಕಾಲು
ಅಲ್ಲೇ ನೆಲಕ್ಕೆ ಅಂಟಿಕೊಂಡಿತು.
ಮುಂದಿನ ಸಾಲಿನ ಹುಡುಗ ಕೈಹಿಡಿಯಲು ಎದ್ದ.
'ಕೂತ್ಕೊಳ್ಳಿ. ಎಳೆದರೆ ಬೀಳುತ್ತಾರೆ.'
ಮೇಡಂ ಬಿಳಿ ಪ್ಲಾಸ್ಟರು ಹರಿದು ಹರಿದು
ನೆಲಕ್ಕೆ ಅಡ್ಡಗೆರೆ ಅಂಟಿಸಿದರು.
ನಡೆಯಬೇಡಿ ಅಮ್ಮ, ಗೆರೆ ದಾಟಿ, ಅಂದರು.
ನಡೆಯಲಾರದ ಕಾಲು ದಾಟಿತು.
ಒಂದು, ಎರಡು, ಮೂರು, ಕುರ್ಚಿ.

ತೊಡೆಯ ಮೇಲೆ ಬಲಗೈ.
ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇತ್ತು.
ಪುಸ್ತಕದಲ್ಲಿ ಇದಕ್ಕೆ ಗುಳಿಗೆ ಉರುಳಿಸುವ ನಡುಕ ಎಂದು ಹೆಸರು.
ಯಾವ ಕಾಲದಲ್ಲಿ ಯಾವ ಪಂಡಿತ ಉರುಳಿಸುತ್ತಿದ್ದನೋ,
ನಾವಂತೂ ಸ್ಟ್ರಿಪ್ಪು ಹರಿದು ಕೊಡುವವರು.
ಇವರ ಮನೆಯಲ್ಲಿ ಎರಡು ವರ್ಷ ನಕ್ಕರಂತೆ:
ಎಲೆಯಿಲ್ಲ, ಪುಡಿಯಿಲ್ಲ, ಅಮ್ಮಿಯ ಕೈಗೆ ಮಾತ್ರ ರಜೆ ಇಲ್ಲ!

ಮೇಡಂ ಒಂದು ಬೀಡಿ ಎಲೆ ಕೊಟ್ಟರು.
ಎಲೆ ಹಿಡಿದದ್ದೇ ತಡ, ನಡುಕ ನಿಂತಿತು.
'ಬರೆದುಕೊಳ್ಳಿ. ಕೆಲಸ ಕೊಟ್ಟರೆ ಸುಮ್ಮನಾಗುವ ನಡುಕ.'
ಆದರೆ ಸುತ್ತು? ಮೊದಲನೆಯದು ನಿಧಾನ,
ಎರಡನೆಯದು ಸಣ್ಣದು,
ಮೂರನೆಯದಕ್ಕೆ ಬೆರಳು ದಾರಿ ಮರೆತು
ದಾರ ಕೆಳಗೆ ಬಿತ್ತು.

ಸಾಲಾಗಿ ಹೋಗಿ ಮಣಿಕಟ್ಟು ಹಿಡಿದೆವು.
ನನ್ನ ಸರದಿ: ಮೆಲ್ಲಗೆ ಬಗ್ಗಿಸಿದೆ.
ಈ ಊರಿನ ಮುಚ್ಚಿದ ಮಿಲ್ಲುಗಳ ಒಂದು ಚಕ್ರ
ಚರ್ಮದಡಿಯಲ್ಲಿ ಇನ್ನೂ
ಹಲ್ಲು ಹಲ್ಲಾಗಿ ತಿರುಗುತ್ತಿತ್ತು.

ಮಾತ್ರೆಯ ಲೆಕ್ಕ ನನಗೆ ಗೊತ್ತಿದ್ದದ್ದು ಒಂದು-ಒಂದು-ಒಂದು.
ಮೇಡಂ ಬರೆದದ್ದು: ಫಜರ್, ಜೋಹರ್, ಅಸರ್, ಮಗ್ರಿಬ್.
'ಗಡಿಯಾರ ಇವರಿಗೆ ತಪ್ಪಬಹುದು, ಅಜಾನ್ ತಪ್ಪಲ್ಲ.
ಊಟಕ್ಕೆ ಅರ್ಧ ಗಂಟೆ ಮೊದಲು. ಬೇಳೆಯ ಜೊತೆ ಬೇಡ.'
ಸಜ್ದಾಕ್ಕೆ ಬಾಗಿದರೆ ಏಳೋಕಾಗಲ್ಲ, ಅಂದರು ಜೈತುನ್‌ಬಿ.
ಅದಕ್ಕೆ ನಮ್ಮ ಯಾರ ಪುಸ್ತಕದಲ್ಲೂ ಅಧ್ಯಾಯವಿರಲಿಲ್ಲ.

'ಮೊಟ್ಟಮೊದಲು ಏನು ಹೋಯ್ತು, ಹೇಳಿ.'
'ವಾಸ್ನೆ ಹೋಯ್ತು ನೋಡ್ರಿ.
ಸಂಬಾಜಿಯಂಥ ತಂಬಾಕು ಮಡಿಲಲ್ಲೇ ಇದ್ರೂ ವಾಸ್ನೆ ಇಲ್ಲ.
ಮಗಳ ಮನೇಗೆ ಜಗಳೂರಿಗೆ ಹೋಗಿದ್ದೆ.
ಅಲ್ಲೊಬ್ರು ಡಾಕ್ಟ್ರಿಗೆ ಹೇಳ್ದೆ.
ಒಳ್ಳೇದೇ ಆಯ್ತು ಬಿಡಮ್ಮ ಅಂತ ನಕ್ರು,
ಸುಣ್ಣದ ಮಾತ್ರೆ ಬರ್ಕೊಟ್ರು.'

ಹದಿನೆಂಟು ಮಂದಿ ನಕ್ಕರು.

ನಾನು ಆ ಮುಖ ನೋಡಿದೆ.
ರೆಪ್ಪೆ ಬಡಿಯದ, ಗೆರೆ ಕದಲದ ಮುಖ.
ಗುರುತು ಸಿಕ್ಕಿತೋ ಇಲ್ಲವೋ
ಓದಲು ಅಲ್ಲಿ ಅಕ್ಷರವೇ ಇಲ್ಲ.
ಕಾಲು ಗಂಟೆ ಹಿಂದಷ್ಟೇ ಪಾಠವಾಗಿತ್ತು:
'ಮುಖ ಸುಮ್ಮನಿದೆ ಎಂದರೆ ಒಳಗೆ ಸುಮ್ಮನಿದೆ ಅಂತಲ್ಲ.
ಗೊತ್ತಾಗದಿದ್ದರೆ ಕೇಳಿ.'

ಊಟದ ಹೊತ್ತಿಗೆ ಹೋಗಿ ಕೇಳಿದೆ.
ದನಿ ಎಷ್ಟು ಸಣ್ಣಗಿತ್ತೆಂದರೆ
ಮೊಣಕಾಲೂರಿ ಕಿವಿ ಕೊಡಬೇಕಾಯಿತು.
'ಆವತ್ತು ನೀವು ಕುರ್ಚಿ ಬಿಟ್ಟು ಎದ್ದಿರ್ಲಿಲ್ಲ,' ಅಂದರು.
ಆಮೇಲೆ, ಬಹಳ ಹೊತ್ತಾದ ಮೇಲೆ,
'ಊಟ ಆಯ್ತಾ?'

ಸೋಮವಾರ, ಜಗಳೂರು. ಎಂಬತ್ತನಾಲ್ಕು ಟೋಕನ್ನು.
ಸರ್ಟಿಫಿಕೇಟಿನ ಮೂಲೆಗೆ ಬೆಣ್ಣೆಯ ಕಲೆ; ಬೀರುವಿನಲ್ಲಿಟ್ಟೆ.
ಮೇಜಿನ ಒಂದು ತುದಿ ನಾನು, ಒಂದು ತುದಿ ಸಿಸ್ಟರ್ ಗಂಗೂಬಾಯಿ
ಹಿಡಿದು, ಬಾಗಿಲಿಗೆ ಮುಖ ಮಾಡಿ ಇಟ್ಟೆವು.
'ಗಾಳಿ ಬರ್ಲಿ ಅಂತಾನಾ ಸಾರ್?'
ಹೂಂ, ಅಂದೆ.
ಒಂದನೇ ಟೋಕನ್ನು ಹೊಸ್ತಿಲು ದಾಟುತ್ತಿತ್ತು.